ಒಂದೇ ಕಥೆ, ಎರಡು ಧಾಟಿ

ಲೀಡ್ಸ್, ಇಂಗ್ಲೆಂಡ್

ಚಿ. ಸೌ. ಸುಮಾಳಿಗೆ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲೂ ಎಲ್ಲರೂ ಆರಾಮ ಅಂದುಕೊಂಡಿದ್ದೇನೆ. ಎಂ.ಎ. ಮಕ್ಕಳಿಗೆ ಬೈಬಲ್ ಮತ್ತು ಕುರ್‌ಆನಿನ ಶೈಲಿಯ ಮೇಲೆ ಎರಡು ತರಗತಿ ಮಾಡಬೇಕು, ಎಲ್ಲಿಂದ ಹಿಡಿಯಲಿ ಅಂತ ಕೇಳಿದ್ದೀಯಲ್ಲ. ಇಡೀ ಗ್ರಂಥದ ಎದುರು ಇಡೀ ಗ್ರಂಥ ಇಡಬೇಡ. ಬೈಬಲ್ ಅಂದರೆ ಪ್ರಾಟೆಸ್ಟೆಂಟರ ಎಣಿಕೆಯಲ್ಲಿ 66, ಕ್ಯಾಥೊಲಿಕರ ಎಣಿಕೆಯಲ್ಲಿ 73 ಪುಸ್ತಕಗಳ ಕಟ್ಟು. ವಂಶಾವಳಿ, ಕಾನೂನು, ಹಾಡು, ಕಾಗದ ಎಲ್ಲವೂ ಅದರಲ್ಲಿದೆ. ಅಲ್ಲಿಂದ ಒಂದು ಕೀರ್ತನೆ ತಂದು ಕುರ್‌ಆನಿನ ಆಸ್ತಿ ಹಂಚಿಕೆಯ ಆಯತ್ (ವಚನ) ಪಕ್ಕ ಇಟ್ಟರೆ ಒಂದು ರಸವತ್ತು, ಇನ್ನೊಂದು ಒಣ ಅನ್ನಿಸದೆ ಇರುತ್ತದೆಯೇ?

ಯೋಸೇಫನ ಕಥೆ ತೆಗೆದುಕೋ: ಅಣ್ಣಂದಿರು ಗುಂಡಿಗೆ ತಳ್ಳಿದ ಹುಡುಗ ಈಜಿಪ್ಟಿಗೆ ಮಾರಾಟವಾಗಿ, ಸೆರೆ ಕಂಡು, ಅಲ್ಲೇ ದೊಡ್ಡ ಅಧಿಕಾರಿಯಾಗುವ ಕಥೆ. ಕುರ್‌ಆನಿನಲ್ಲಿ ಅವನೇ ಯೂಸುಫ್. ಆ ಕಡೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 37ರಿಂದ 50ನೇ ಅಧ್ಯಾಯ, ಈ ಕಡೆ ಕುರ್‌ಆನಿನ 12ನೇ ಸೂರಾ (ಅಧ್ಯಾಯ) ಯೂಸುಫ್, 111 ಆಯತ್. ಆದಿಕಾಂಡದ 38ನೇ ಅಧ್ಯಾಯ ಅಣ್ಣಂದಿರಲ್ಲಿ ಒಬ್ಬನಾದ ಯೆಹೂದ ಮತ್ತು ಅವನ ಸೊಸೆ ತಾಮಾರಳದ್ದು, ಮೊದಲ ಓದಿಗೆ ದಾಟಿಸಿಬಿಡು.

ಆದಿಕಾಂಡಕ್ಕೆ ಲೆಕ್ಕ ಬೇಕು. ಹುಡುಗನಿಗೆ 17 ವರ್ಷ, ಮಾರಿದ್ದು 20 ಬೆಳ್ಳಿ ನಾಣ್ಯಕ್ಕೆ, ಕೊಂಡ ಅಧಿಕಾರಿ ಪೋಟೀಫರ, ಈಜಿಪ್ಟಿನ ರಾಜ ಫರೋಹನ ಮುಂದೆ ನಿಂತಾಗ ವಯಸ್ಸು 30. ಸೂರಾದಲ್ಲಿ ಬೆಲೆ ಕೆಲವೇ ದಿರ್ಹಮ್, ಅಧಿಕಾರಿಗೆ ಬರೀ ‘ಅಜೀಜ್’ ಎಂಬ ಪದವಿ. ಕಥೆಯೊಳಗೆ ಓಡಾಡುವವರಲ್ಲಿ ಅಪ್ಪ ಯಾಕೂಬ್, ಮಗ ಯೂಸುಫ್ ಬಿಟ್ಟರೆ ಯಾರಿಗೂ ಹೆಸರಿಲ್ಲ.

ಮಕ್ಕಳು ಎಡವುವುದು 45 ಮತ್ತು 46ನೇ ಆಯತ್‌ಗಳ ನಡುವೆ. ಯೂಸುಫನ ಜೊತೆ ಸೆರೆಯಲ್ಲಿದ್ದು ಬಿಡುಗಡೆಯಾದವನು, ರಾಜನ ಕನಸಿನ ಅರ್ಥ ತಿಳಿಯಲು ‘ನನ್ನನ್ನು ಕಳಿಸಿ’ ಎನ್ನುತ್ತಾನೆ. ಮರು ಆಯತ್‌ನಲ್ಲೇ ‘ಯೂಸುಫ್, ಸತ್ಯವಂತನೇ’ ಎಂದು ಸೆರೆಮನೆಯೊಳಗೆ ಮಾತಾಡುತ್ತಿರುತ್ತಾನೆ. ಹೊರಟಿದ್ದಿಲ್ಲ, ಬಾಗಿಲು ತೆರೆದದ್ದಿಲ್ಲ. 81ರಿಂದ 83ರಲ್ಲಿ ಇನ್ನೂ ಚುರುಕು: ‘ಹೋಗಿ ಅಪ್ಪನಿಗೆ ಹೀಗೆ ಹೇಳಿ’ ಎಂದು ಈಜಿಪ್ಟಿನಲ್ಲಿ ಹಿರಿಯ ಅಣ್ಣ ಉಳಿದವರಿಗೆ ಹೇಳಿಕೊಡುತ್ತಿರುತ್ತಾನೆ, ಉತ್ತರ ಕೊಡುವವನು ಊರಲ್ಲಿರುವ ಅಪ್ಪ! ಅನುವಾದಗಳಲ್ಲಿ ಈ ಸಂದುಗಳನ್ನು ಆವರಣ ಹಾಕಿ ತುಂಬಿರುತ್ತಾರೆ. ಆವರಣದ ಮಾತು ಬಿಟ್ಟು ಓದಿಸು, ಇಲ್ಲದಿದ್ದರೆ ಆ ನೆಗೆತವೇ ಕಾಣುವುದಿಲ್ಲ. ಆದಿಕಾಂಡ ಇದೇ ಜಾಗದಲ್ಲಿ ನಿಧಾನ. 42ನೇ ಅಧ್ಯಾಯದಲ್ಲಿ ಅಣ್ಣಂದಿರು ನಡೆದದ್ದನ್ನು ಅಪ್ಪನ ಮುಂದೆ ಮತ್ತೆ ಒಪ್ಪಿಸುತ್ತಾರೆ; 44:18ರಿಂದ (44ನೇ ಅಧ್ಯಾಯ, 18ನೇ ವಚನ) ಯೆಹೂದ ಯೋಸೇಫನ ಮುಂದೆ 17 ವಚನ ಒಂದೇ ಸಮನೆ ಬೇಡಿಕೊಳ್ಳುತ್ತಾನೆ. ಆ ಪುನರುಕ್ತಿಯೇ ಯೋಸೇಫನ ಕಟ್ಟೆಯೊಡೆಯುವುದು, ಉದ್ದವಾಯಿತೆಂದು ಕತ್ತರಿಸಬೇಡ.

ಇಷ್ಟು ಮಾತಾಡುವ ಆದಿಕಾಂಡ ಮನಸ್ಸಿನೊಳಗಿನದನ್ನು ಮಾತ್ರ ಬಚ್ಚಿಡುತ್ತದೆ. ಗುಂಡಿಗೆ ಬಿದ್ದ ಹುಡುಗ 37ರಲ್ಲಿ ತುಟಿ ಬಿಚ್ಚುವುದಿಲ್ಲ. ಅವನು ಗೋಗರೆದಿದ್ದ ಎಂಬುದು ನಮಗೆ ತಿಳಿಯುವುದು ಎಷ್ಟೋ ವರ್ಷದ ಮೇಲೆ, 42:21ರಲ್ಲಿ, ಅಣ್ಣಂದಿರ ಬಾಯಿಂದ. ಸೂರಾದಲ್ಲಾದರೆ ಬಾವಿಯಲ್ಲಿರುವಾಗಲೇ, 15ನೇ ಆಯತ್‌ನಲ್ಲಿ, ‘ಮುಂದೊಂದು ದಿನ ನೀನೇ ಇವರಿಗೆ ಇದನ್ನು ಹೇಳುವೆ’ ಎಂಬ ಭರವಸೆ ಬಂದುಬಿಡುತ್ತದೆ. ಮುಂದೇನು ಎಂಬ ಕುತೂಹಲವನ್ನು ಸೂರಾ ನೆಚ್ಚಿಲ್ಲ. ನಾಲ್ಕನೇ ಆಯತ್‌ನ ಕನಸು ನೂರನೆಯದರಲ್ಲಿ ನಿಜವಾಗುವ ತನಕ ಕೇಳುಗ ಧೈರ್ಯವಾಗಿ ಕೂತಿರುತ್ತಾನೆ.

ಒಡೆಯನ ಹೆಂಡತಿ ಯೋಸೇಫನನ್ನು ಸೆಳೆಯಲು ನೋಡುವ ಸಂದರ್ಭಕ್ಕೆ ಒಂದು ತರಗತಿ ಪೂರ್ತಿ ಕೊಟ್ಟರೂ ನಷ್ಟವಿಲ್ಲ. 39:8ರಲ್ಲಿ ‘ಒಪ್ಪಲಿಲ್ಲ’ ಎಂಬಲ್ಲಿ ಹೀಬ್ರೂ ಪಠಣದ ಶಲ್ಶೆಲೆತ್ ಎಂಬ ಸ್ವರಚಿಹ್ನೆ ಇದೆ. ಇಡೀ ತೋರಾದಲ್ಲಿ (ಬೈಬಲಿನ ಮೊದಲ ಐದು ಪುಸ್ತಕಗಳಲ್ಲಿ) ನಾಲ್ಕೇ ಕಡೆ ಬರುವ ಇದನ್ನು ಏರಿಳಿಸಿ ಎಳೆದು ಹಾಡುತ್ತಾರೆ. ಆ ಎಳೆತದಲ್ಲಿ ಅವನ ಹೊಯ್ದಾಟ ಕಂಡವರಿದ್ದಾರೆ. ಅಕ್ಷರದಲ್ಲಿ ಮಾತ್ರ ಅದರ ಸುಳಿವಿಲ್ಲ. ಕುರ್‌ಆನ್ 24ನೇ ಆಯತ್‌ನಲ್ಲಿ, ಪ್ರಭುವಿನ ಸಾಕ್ಷ್ಯ ಕಾಣದಿದ್ದರೆ ಅವನೂ ವಾಲುತ್ತಿದ್ದ ಎಂಬರ್ಥದ ಮಾತನ್ನು ಬಾಯಿಬಿಟ್ಟೇ ಹೇಳುತ್ತದೆ. ವ್ಯಾಖ್ಯಾನಕಾರರು ತುಂಬ ಜಗ್ಗಾಡಿರುವ ಆಯತ್ ಇದು.

ಸೂರಾವನ್ನು ಅರಬಿಯಲ್ಲಿ ಕೇಳಿಸದೆ ಪಾಠ ಮುಗಿಸಬೇಡ. ಸಾಧಾರಣ ವೇಗದ ಪಠಣ ಸುಮಾರು ಅರ್ಧ ಗಂಟೆ. ಭಾಷೆ ಬಾರದಿದ್ದರೂ ಆಯತ್‌ಗಳ ಕೊನೆಯಲ್ಲಿ ‘ಈನ್’, ‘ಊನ್’ ಪ್ರಾಸ ಕಿವಿಗೆ ಬೀಳುತ್ತದೆ. ಕನ್ನಡದಲ್ಲಿ ಮಾಯವಾಗುವುದು ಮೊದಲು ಅದೇ.

ಒಂದು ಎಚ್ಚರಿಕೆ: ಇಡೀ ಕಥೆ ಒಂದೇ ಸೂರಾದಲ್ಲಿ ಹೀಗೆ ಸಿಗುವುದು ಕುರ್‌ಆನಿನಲ್ಲಿ ಅಪರೂಪ. ಮೂಸಾನ (ಬೈಬಲಿನ ಮೋಶೆಯ) ಕಥೆ ಹತ್ತಾರು ಸೂರಾಗಳಲ್ಲಿ ಚೂರುಚೂರಾಗಿದೆ. ಆದ್ದರಿಂದ ಎರಡನೇ ತರಗತಿಗೆ ಕಥೆ ಬಿಟ್ಟು ಪಲ್ಲವಿ ಹಿಡಿ. 136ನೇ ಕೀರ್ತನೆಯ 26 ವಚನಗಳಲ್ಲೂ ಒಂದೇ ಪಲ್ಲವಿ. 55ನೇ ಸೂರಾ ರಹ್ಮಾನ್‌ನ 78 ಆಯತ್‌ಗಳಲ್ಲಿ ಪಲ್ಲವಿ 31 ಸಲ. ಮೊದಲನೆಯದು ದೇವರ ಕೃಪೆ ಶಾಶ್ವತ ಎಂದು ಒಪ್ಪುತ್ತಾ ಹೋಗುತ್ತದೆ, ಎರಡನೆಯದು ಯಾವ ಅನುಗ್ರಹವನ್ನು ಅಲ್ಲಗಳೆಯುತ್ತೀರಿ ಎಂದು ಕೇಳುತ್ತಾ ಹೋಗುತ್ತದೆ. ಎರಡು ಗುಂಪು ಮಾಡಿ ಗಟ್ಟಿಯಾಗಿ ಓದಿಸು.

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ಅಣ್ಣ