ಮುರಿದುಕೊಂಡದ್ದು ಒಂದೇ ದಿನದಲ್ಲಿ, ಮರಳಿಸಲು ಇಪ್ಪತ್ತು ತಿಂಗಳೂ ಸಾಲದೆ?

ಮಾನ್ಯರೇ,

ಆದಾಯ ತೆರಿಗೆ ರೀಫಂಡ್ ವಿಳಂಬದ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಕುಳಿತು ಓದಿದೆ. ತೆರಿಗೆ ತಗ್ಗಿಸಿಕೊಳ್ಳಲು ಆದಾಯದಲ್ಲಿ ಸುಳ್ಳು ಕಡಿತ ತೋರಿಸಿದವರ ಮತ್ತು ದೊಡ್ಡ ಮೊತ್ತದ ರೀಫಂಡ್ ಕೇಳಿದವರ ರಿಟರ್ನ್ಸ್ ಪರಿಶೀಲಿಸಬೇಕಾಗಿರುವುದರಿಂದ ತಡವಾಗುತ್ತಿದೆ ಎಂಬ ಇಲಾಖೆಯ ಸಮಜಾಯಿಷಿಯನ್ನು ಓದಿದ ಮರುದಿನವೇ, ಅಂದರೆ ನಿನ್ನೆ ರಾತ್ರಿ, ನನ್ನ ರೀಫಂಡ್ ವಿಫಲವಾಗಿದೆ ಎಂಬ ಇ-ಮೇಲ್ ಬಂತು. ಬ್ಯಾಂಕ್ ಖಾತೆಯಲ್ಲಿರುವ ಹೆಸರು ಪ್ಯಾನ್‌ನಲ್ಲಿರುವ ಹೆಸರಿಗೆ ಹೊಂದುತ್ತಿಲ್ಲವಂತೆ. ನಾನು ಯಾವ ಸುಳ್ಳು ಕಡಿತವನ್ನೂ ತೋರಿಸಿಲ್ಲ. ನನ್ನ ಕೈಗೆ ಬರುವ ಮೊದಲೇ ಮುರಿದುಕೊಂಡ ನನ್ನದೇ ಹಣವನ್ನು ಕೇಳುತ್ತಿದ್ದೇನೆ.

ಮೈಸೂರಿನ ಕುವೆಂಪುನಗರದ ಕಾಂಪ್ಲೆಕ್ಸಿನ ಹಿಂದಿನ ರಸ್ತೆಯಲ್ಲಿದ್ದ ನಮ್ಮ ಮನೆಯನ್ನು 2024ರ ಜೂನ್‌ನಲ್ಲಿ 90 ಲಕ್ಷ ರೂಪಾಯಿಗೆ ಮಾರಿದೆ. ಊರಿನಲ್ಲೇ ಇರುವವರು 50 ಲಕ್ಷ ಮತ್ತು ಅದಕ್ಕೂ ಹೆಚ್ಚಿನ ಬೆಲೆಗೆ ಮನೆ ಮಾರಿದರೆ ಕೊಂಡವರು ಸರ್ಕಾರಕ್ಕೆ ಕಟ್ಟಲು ಬೆಲೆಯಲ್ಲಿ ಮೊದಲೇ ಮುರಿದುಕೊಳ್ಳುವ ತೆರಿಗೆ, ಅಂದರೆ ಟಿಡಿಎಸ್, ಶೇ 1 ಮಾತ್ರ. ಮಾರುವವನು ನನ್ನಂತೆ ಹೊರದೇಶದಲ್ಲಿ ನೆಲೆಸಿದ ಅನಿವಾಸಿಯಾದರೆ ಆಗ ಇದ್ದ ದರ ಶೇ 20, ಅದರ ಮೇಲೆ ಸರ್ಚಾರ್ಜ್ ಎಂಬ ಹೆಚ್ಚುವರಿ ತೆರಿಗೆ, ಅದರ ಮೇಲೆ ಸೆಸ್. ತೆರಿಗೆ ಬೀಳಬೇಕಾದದ್ದು ಲಾಭದ ಮೇಲೆ. ಆದರೆ ಲಾಭ ಎಷ್ಟೆಂದು ಅಧಿಕಾರಿಯಿಂದ ಪ್ರಮಾಣಪತ್ರ ತರದಿದ್ದರೆ, ಕೊಳ್ಳುವವರು ತಮ್ಮ ತಲೆಯ ಮೇಲೆ ಬಂದೀತೆಂದು ಹೆದರಿ ಪೂರ್ತಿ ಬೆಲೆಯ ಮೇಲೆಯೇ ಮುರಿದುಕೊಳ್ಳುತ್ತಾರೆ. ಆ ಪ್ರಮಾಣಪತ್ರಕ್ಕೂ ಅರ್ಜಿ ಹಾಕಿದ್ದೆ. ಅದು ಬರುವುದರೊಳಗೆ ಕೊಳ್ಳುವವರ ಬ್ಯಾಂಕ್ ಸಾಲದ ಮಂಜೂರಾತಿಯ ಅವಧಿ ಮುಗಿಯುತ್ತಿತ್ತು. ಆ ಬಡಪಾಯಿ ದಂಪತಿಯನ್ನು ಕಾಯಿಸಲು ಮನಸ್ಸು ಬರಲಿಲ್ಲ. ಹೀಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರಕ್ಕೆ ಸಹಿ ಹಾಕಿದ ದಿನವೇ 20 ಲಕ್ಷ 59 ಸಾವಿರ ರೂಪಾಯಿ ಸರ್ಕಾರದ ಬಾಬ್ತಿಗೆ ಹೋಯಿತು. ಮನೆಯ 2001ರ ಬೆಲೆಗೆ ಹಣದುಬ್ಬರದ ಸೂಚ್ಯಂಕ ಸೇರಿಸಿ ಆಡಿಟರ್ ಲೆಕ್ಕ ಹಾಕಿದಾಗ ನಾನು ಕಟ್ಟಬೇಕಾಗಿದ್ದ ತೆರಿಗೆ 9 ಲಕ್ಷ 66 ಸಾವಿರವನ್ನೂ ಮುಟ್ಟಲಿಲ್ಲ. ಉಳಿದ 10 ಲಕ್ಷ 93 ಸಾವಿರ ರೂಪಾಯಿ ನನ್ನದು.

ಆ ನನ್ನ ಹಣಕ್ಕಾಗಿ ಏನೇನು ಮಾಡಬೇಕಾಯಿತೆಂದು ಓದುಗರು ಕೇಳಬೇಕು. ಮನೆ ಕೊಂಡ ದಂಪತಿ, ತೆರಿಗೆ ಮುರಿಯುವವರಿಗೆ ಬೇಕಾಗಿದ್ದ ಟ್ಯಾನ್ ಸಂಖ್ಯೆಯನ್ನು ಹಿಂದೆಂದೂ ಪಡೆದವರಲ್ಲ. ಈ ಒಂದು ವ್ಯವಹಾರಕ್ಕಾಗಿ ಅದನ್ನು ಮಾಡಿಸಿ, ಅನಿವಾಸಿಗಳಿಂದ ಮುರಿದ ತೆರಿಗೆಯ ಲೆಕ್ಕ ಒಪ್ಪಿಸಲೆಂದೇ ಆಗ ಇದ್ದ ಫಾರ್ಮ್ 27ಕ್ಯೂ ಸಲ್ಲಿಸುವಾಗ ನನ್ನ ಪ್ಯಾನ್‌ನ ಒಂದು ಅಕ್ಷರ ತಪ್ಪಿತು. ಅದನ್ನು ತಿದ್ದಿಸುವವರೆಗೆ ನನ್ನ ಹೆಸರಿಗೆ ಜಮೆಯಾದ ತೆರಿಗೆಯನ್ನು ತೋರಿಸುವ 26ಎಎಸ್ ಪಟ್ಟಿಯಲ್ಲಿ ಆ 20 ಲಕ್ಷದ ಸುಳಿವೇ ಇರಲಿಲ್ಲ. ಅದಾದ ಮೇಲೆ 2025ರ ಆಗಸ್ಟ್ ಮೊದಲ ವಾರದಲ್ಲಿ ರಿಟರ್ನ್ಸ್ ಸಲ್ಲಿಸಿದೆ. ಅದನ್ನು ದೃಢೀಕರಿಸಲು 30 ದಿನ ಗಡುವು. ಆಧಾರ್ ಒಟಿಪಿಗೆ ಭಾರತದ ಮೊಬೈಲ್ ಬೇಕು. ರೀಚಾರ್ಜ್ ಇಲ್ಲದೆ ನನ್ನ ಹಳೆಯ ನಂಬರ್ ಎಂದೋ ಹೋಗಿತ್ತು. ಬ್ಯಾಂಕಿನ ನೆಟ್ ಬ್ಯಾಂಕಿಂಗ್‌ಗೂ ಅದೇ ನಂಬರಿಗೆ ಒಟಿಪಿ. ಕೊನೆಗೆ ಕಾಗದದ ಮೇಲೆ ಸಹಿ ಮಾಡಿ, ಊರಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ತಂಗಿಯ ಮಗನಿಗೆ ಕಳಿಸಿ, ಅವನಿಂದ ಬೆಂಗಳೂರಿನಲ್ಲಿರುವ ಇಲಾಖೆಯ ಕೇಂದ್ರಕ್ಕೆ ಸ್ಪೀಡ್ ಪೋಸ್ಟ್ ಮಾಡಿಸಿದೆ. ಸಹಾಯವಾಣಿಗೆ ಕರೆ ಮಾಡಬೇಕೆಂದರೆ ಅಲ್ಲಿ ಬೆಳಿಗ್ಗೆ ಹತ್ತು ಗಂಟೆಯಾದಾಗ ಇಲ್ಲಿ ಚಳಿಗಾಲದಲ್ಲಿ ರಾತ್ರಿ ಹನ್ನೊಂದೂವರೆ. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಮೊಮ್ಮಗುವಿಗೆ ಎಚ್ಚರವಾಗದಂತೆ ಅಡುಗೆಮನೆಯಲ್ಲಿ ನಿಂತು, ಪ್ಯಾನ್ ಸಂಖ್ಯೆಯ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತಾ ಎಷ್ಟು ರಾತ್ರಿ ಕಳೆದಿದ್ದೇನೆಂಬುದು ನನ್ನ ಹೆಂಡತಿಗೆ ಗೊತ್ತು. ಅಮೆರಿಕದ ತೆರಿಗೆಯದು ಇನ್ನೊಂದು ಪಾಡು. ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯುತ್ತಾರೆ, ಆದರೆ ಮರಳಿ ಬರಬೇಕಾದ ಭಾಗವನ್ನು ಕಳೆಯುವುದಿಲ್ಲ. ಇಲ್ಲಿನ ತೆರಿಗೆಯ ಬಾಕಿ ತುಂಬಲು ಮಗಳಿಂದ ಸಾಲ ಪಡೆದೆ. ಮನೆ ಮಾರಿದ ಮೇಲೂ ಮಗಳ ಮುಂದೆ ಕೈಚಾಚಬೇಕಾಯಿತು.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನಗೆ ಅತಿ ಹೆಚ್ಚು ನೋವಾಗಿರುವುದು ಅಲ್ಲಿಯೇ. ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್‌ಗಳಿವೆ. ಮೊದಲನೆಯದು ನಮ್ಮ ಊರು, ಎರಡನೆಯದು ನಮ್ಮ ತಂದೆ. ಹಳೆಯ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನರ ಹೆಸರು ಇರುವುದೇ ಹೀಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ಬ್ಯಾಂಕ್ ಪಾಸ್‌ಬುಕ್‌ವರೆಗೆ ಎಲ್ಲ ಕಡೆ ನಾನು ಆ ಎರಡಕ್ಷರಗಳ ಜೊತೆಗೇ ಇದ್ದೇನೆ. ಪ್ಯಾನ್ ಅರ್ಜಿ ಮಾತ್ರ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಿರಿ ಎನ್ನುತ್ತದೆ. ಬಿಡಿಸಿ ಬರೆದಾಗ ನಮ್ಮೂರು ನನ್ನ ಮನೆತನದ ಹೆಸರಾಯಿತು, ತಂದೆ ನಡುವಿನ ಹೆಸರಾದರು. ಈ ಪದ್ಧತಿಯನ್ನು ಮಾಡಿದವರು ಇಲಾಖೆಯವರು, ಅದರಂತೆ ಬರೆದವನು ನಾನು, ಈಗ ಹೊಂದಾಣಿಕೆಯಾಗುತ್ತಿಲ್ಲ ಎನ್ನುತ್ತಿರುವವರೂ ಅವರೇ. ಇದೇ ಖಾತೆಯನ್ನು ಇಲಾಖೆಯ ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಿದ್ದೆ. ಅನಿವಾಸಿಯ ಭಾರತದ ಹಣಕ್ಕೆಂದಿರುವ ಎನ್‌ಆರ್‌ಒ ಖಾತೆಯಾಗಿ ಅದು ಬದಲಾದ ಮೇಲೆ ದೃಢೀಕರಣ ಮತ್ತೆ ಆಗಬೇಕೆಂದು ಬ್ಯಾಂಕಿನವರೂ ಹೇಳಲಿಲ್ಲ, ಇಲಾಖೆಯವರೂ ಹೇಳಲಿಲ್ಲ. ಬ್ಯಾಂಕಿನಲ್ಲಿ ಹೆಸರು ತಿದ್ದಿಸಲು ಖುದ್ದಾಗಿ ಶಾಖೆಗೆ ಬರಬೇಕಂತೆ. ಒಂದು ಸಹಿಗಾಗಿ ನಾನು ನ್ಯೂಜೆರ್ಸಿಯಿಂದ ಮೈಸೂರಿಗೆ ಬರಬೇಕೆ?

ಈ ಇಲಾಖೆಯ ಅನುಭವ ನನಗೆ ಹೊಸತಲ್ಲ. ಕಾಗದದ ಚಲನ್ ಕಾಲದಲ್ಲಿ ಕಟ್ಟಿದ 4,300 ರೂಪಾಯಿ 2007-08ರ ಬಾಕಿಯೆಂದು ಹದಿನೈದು ವರ್ಷ ನನ್ನ ಲೆಕ್ಕದಲ್ಲಿ ಕುಳಿತಿತ್ತು. ಚಲನ್ ಪ್ರತಿಯನ್ನು ಮೂರು ಬಾರಿ ಕೊಟ್ಟರೂ ಯಾರೂ ತೆಗೆಯಲಿಲ್ಲ. 2024ರ ಫೆಬ್ರವರಿ 1ರ ಮಧ್ಯಂತರ ಬಜೆಟ್‌ನಲ್ಲಿ 2009-10ರವರೆಗಿನ 25,000 ರೂಪಾಯಿಯೊಳಗಿನ ಇಂಥ ಬಾಕಿಗಳನ್ನು ಕೈಬಿಡುವುದಾಗಿ ಘೋಷಿಸಿದ ಮೇಲೆಯೇ ಅದು ಹೋಯಿತು. ಕಟ್ಟಿದ್ದೇನೆಂದು ಒಪ್ಪಿ ಅಳಿಸಲಿಲ್ಲ, ಮನ್ನಾ ಮಾಡಿದರು. 2021ರ ಜೂನ್ 7ರಂದು ಹೊಸ ಪೋರ್ಟಲ್ ಬಂದಾಗ ತಿಂಗಳುಗಟ್ಟಲೆ ಪುಟವೇ ತೆರೆಯುತ್ತಿರಲಿಲ್ಲ. ಪ್ಯಾನ್‌ಗೆ ಆಧಾರ್ ಜೋಡಣೆಯಿಂದ ಅನಿವಾಸಿಗಳಿಗೆ 2017ರಲ್ಲೇ ವಿನಾಯಿತಿ ಇದ್ದರೂ 2023ರ ಜುಲೈನಲ್ಲಿ ನನ್ನ ಪ್ಯಾನ್ ನಿಷ್ಕ್ರಿಯವಾಯಿತು. ನಾನು ಅನಿವಾಸಿ ಎಂದು ಅಧಿಕಾರಿಗೆ ತಿಳಿಸಿರಲಿಲ್ಲವಂತೆ. ಪಾಸ್‌ಪೋರ್ಟಿನ ಪ್ರತಿಗಳನ್ನು ಕಳಿಸಿ ಒಂದು ವಾರ್ಡಿನಿಂದ ಇನ್ನೊಂದು ವಾರ್ಡಿಗೆ ಕಡತ ವರ್ಗಾವಣೆಯಾಗುವಷ್ಟರಲ್ಲಿ ಐದು ತಿಂಗಳಾಯಿತು.

ತಡವಾದರೆ ಬಡ್ಡಿ ಕೊಡುತ್ತೇವಲ್ಲ ಎಂದು ಯಾರಾದರೂ ಹೇಳಬಹುದು. ಆ ಬಡ್ಡಿ ತಿಂಗಳಿಗೆ ಶೇ ಅರ್ಧ. ನಾವು ತೆರಿಗೆ ಕಟ್ಟಲು ತಡ ಮಾಡಿದರೆ ಅವರು ಹಾಕುವುದು ಶೇ 1. 2024ರ ಜೂನ್‌ನಲ್ಲಿ ಮುರಿದ ನನ್ನ ಹಣಕ್ಕೆ ಬಡ್ಡಿ ಶುರುವಾಗುವುದು 2025ರ ಏಪ್ರಿಲ್ 1ರಿಂದ. ಅದಕ್ಕೆ ಹಿಂದಿನ ತಿಂಗಳುಗಳಿಗೆ ಬಿಡಿಗಾಸೂ ಇಲ್ಲ. ಬಂದ ಬಡ್ಡಿಗೆ ಮತ್ತೆ ತೆರಿಗೆ. ವಿಳಂಬಕ್ಕೆ ತೆರಿಗೆದಾರನೇ ಕಾರಣವೆಂದು ಅವರು ತೀರ್ಮಾನಿಸಿದರೆ ಆ ಅವಧಿಯ ಬಡ್ಡಿಯೂ ಇಲ್ಲ, ಮತ್ತು ನನ್ನ ಇನಿಷಿಯಲ್‌ಗಳನ್ನು ನನ್ನ ತಪ್ಪೆಂದೇ ಬರೆದುಕೊಳ್ಳುತ್ತಾರೆಂಬ ಭಯ ನನಗಿದೆ. ನನಗೆ ರಿಟರ್ನ್ಸ್ ಸಲ್ಲಿಸಲು 2025ರ ಸೆಪ್ಟೆಂಬರ್ 16 ಕೊನೆಯ ದಿನವಾಗಿತ್ತು, ಅದು ಮೀರಿದ್ದರೆ ದಂಡ. ಅದೇ ರಿಟರ್ನ್ಸ್ ಪರಿಶೀಲಿಸಿ ತೆರಿಗೆ ಲೆಕ್ಕದ ಸೂಚನಾಪತ್ರ ಕಳಿಸಲು ಅವರಿಗೆ ಕಾನೂನು ಕೊಟ್ಟಿರುವ ಗಡುವು 2026ರ ಡಿಸೆಂಬರ್ 31. ಇಷ್ಟು ಅಂತರವಿಟ್ಟು ಕಾನೂನು ಮಾಡಿದವರು ಎಂದಾದರೂ ಸ್ವಂತ ಹಣಕ್ಕಾಗಿ ಸರದಿಯಲ್ಲಿ ನಿಂತಿದ್ದಾರೆಯೇ?

ನನ್ನ ಹಣವನ್ನು ಪೂರ್ತಿ ಬಡ್ಡಿಯ ಸಮೇತ ಕೂಡಲೇ ಕೊಡಬೇಕು. ಇನಿಷಿಯಲ್ ಇರುವ ಹೆಸರುಗಳನ್ನು ಇದ್ದಂತೆಯೇ ಒಪ್ಪುವ ಏರ್ಪಾಡಾಗಬೇಕು. ಅದು ಆಗುವುದಿಲ್ಲವೆಂದಾದರೆ ಲಾಭದ ಮೇಲಷ್ಟೇ ಟಿಡಿಎಸ್ ಮುರಿಯುವಂತೆ ಮಾಡಿ ರೀಫಂಡ್ ಕೇಳುವ ಪ್ರಸಂಗವನ್ನೇ ತಪ್ಪಿಸಬೇಕು. ಯಾವ ಅಧಿಕಾರಿಯ ಮೇಜಿನ ಮೇಲೆ ಕಡತ ಎಷ್ಟು ದಿನ ಇತ್ತೆಂಬುದನ್ನು ಕೇಳುವವರು ಯಾರಾದರೂ ಇರಬೇಕು. ಮೂವತ್ತೆರಡು ವರ್ಷ ಸಂಬಳದಲ್ಲಿ ತಿಂಗಳು ತಿಂಗಳೂ ತಪ್ಪದೆ ತೆರಿಗೆ ಮುರಿಸಿಕೊಂಡವನನ್ನು, ಊರು ಬಿಟ್ಟ ಒಂದೇ ಕಾರಣಕ್ಕೆ, ನೀನು ನೀನೇ ಹೌದೋ ಅಲ್ಲವೋ ಎಂದು ಕೇಳುತ್ತಿದ್ದಾರೆ. ಕೇಳುವವರಿಗೆ ನಾಚಿಕೆಯಾಗಬೇಕು.

ಇಂತಿ,
ಕುವೆಂಪುನಗರದ ಹಳೆಯ ನಿವಾಸಿ
ನ್ಯೂಜೆರ್ಸಿ