ಅಂಬಾಸಡರ್ ಗೇರ್‌ಬಾಕ್ಸ್ ಗುಜರಿಗೆ ಯಾಕೆ?

ಸಂಪಾದಕರೇ,

ಹಳೇ ಅಂಬಾಸಡರ್ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ‘ಗೇರ್‌ಬಾಕ್ಸ್ ಹೋದರೆ ಗಾಡಿ ಗುಜರಿಗೇ’ ಅನ್ನೋ ಮಾತನ್ನು ಒಪ್ಪಲಾರೆ. 1489 ಸಿಸಿ ಪೆಟ್ರೋಲ್ ಗಾಡಿಯ 4 ಗೇರಿನ ಬಾಕ್ಸನ್ನು ಮನೆಯ ಶೆಡ್ಡಿನಲ್ಲೇ ಬಿಚ್ಚಿ ಜೋಡಿಸಬಹುದು. ನಾನೂ ನನ್ನ ಭಾವನೂ ಸೇರಿ ಮಾಡಿದ್ದೇವೆ. (ಇಸುಝು ಎಂಜಿನ್ ಇರೋ 5 ಗೇರಿನ ಗಾಡಿ ಬೇರೆ, ಅದರ ಮಾತು ಇಲ್ಲಿ ಬೇಡ.)

ಈ ಬಾಕ್ಸಿನಲ್ಲಿ ಫಸ್ಟ್ ಗೇರಿಗೆ ಸಿಂಕ್ರೊ (ಗೇರ್ ಕೂರುವ ಮುಂಚೆ ತಿರುಗುವ ಭಾಗಗಳ ವೇಗ ಹೊಂದಿಸೋ ವ್ಯವಸ್ಥೆ) ಇಲ್ಲವೇ ಇಲ್ಲ. ಗಾಡಿ ಉರುಳುತ್ತಿರುವಾಗ ಫಸ್ಟ್ ಹಾಕಿದರೆ ಕರ್ ಅನ್ನೋದು ಅದರ ಹುಟ್ಟುಗುಣ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಸ್ಟೀರಿಂಗ್ ಪಕ್ಕ ಲಿವರ್ ಇರುವ ಗಾಡಿಯಾದರೆ ಮೊದಲು ಲಿವರನ್ನು ಬಾಕ್ಸಿಗೆ ಸೇರಿಸೋ ಕೆಳಗಿನ ಲಿಂಕ್‌ಗಳ ಬುಷ್ ಸಡಿಲಾಗಿದೆಯಾ ಅಂತ ಅಲ್ಲಾಡಿಸಿ ನೋಡಿ. ಸೆಕೆಂಡ್, ಥರ್ಡ್ ಕೂಡ ಕರ್ ಅಂದರೆ ಆಗ ಬಿಚ್ಚಿ.

ನಾವು ಬಿಚ್ಚಿದಾಗ ಗೇರಿನ ಹಲ್ಲುಗಳೆಲ್ಲ ಗಟ್ಟಿಯಾಗಿದ್ದವು. ಹೋಗಿದ್ದು ಹಿತ್ತಾಳೆಯ ಸಿಂಕ್ರೊ ರಿಂಗ್. ಅದರ ಒಳಮೈಯಲ್ಲಿ ಸಣ್ಣ ಗೀರುಗಳಿರುತ್ತವೆ, ಗೇರಿನ ಕೋನ್ (ರಿಂಗ್ ಕೂರುವ ಇಳಿಜಾರು ಭಾಗ) ಮೇಲಿನ ಎಣ್ಣೆಯನ್ನು ಸೀಳಿ ಹಿಡಿತ ಕೊಡೋದು ಅವೇ. ನಮ್ಮದರಲ್ಲಿ ಗೀರೆಲ್ಲ ಸವೆದು ಕನ್ನಡಿ ಥರ ಹೊಳೆಯುತ್ತಿತ್ತು. ಕೋನ್ ಮೇಲಿಟ್ಟು ಒತ್ತಿದರೆ ರಿಂಗ್ ನೇರ ಗೇರಿನ ಹಲ್ಲಿಗೇ ತಾಕುತ್ತಿತ್ತು, ಮಧ್ಯೆ ಸಂದಿಯೇ ಇಲ್ಲ. ಇಳಿಸಿದ ಆಯಿಲ್‌ನಲ್ಲಿ ಚಿನ್ನದ ಬಣ್ಣದ ಪುಡಿ.

ಈಗ ಆಯಿಲ್ ವಿಷಯ. ಅಂಗಡಿಯಲ್ಲಿ ಗೇರ್ ಆಯಿಲ್ ಕೇಳಿದರೆ ‘90 ನಂಬರ್’ ಅಂತ ಒಂದು ಡಬ್ಬ ಕೊಡುತ್ತಾರೆ, ಮೆಕ್ಯಾನಿಕ್ ಅದನ್ನೇ ಡಿಫರೆನ್ಷಿಯಲ್‌ಗೂ (ಹಿಂದಿನ ಚಕ್ರಗಳ ನಡುವಿನ ಗೇರುಗಳ ಡಬ್ಬ) ಗೇರ್‌ಬಾಕ್ಸಿಗೂ ಸುರಿಯುತ್ತಾನೆ. 90 ಅನ್ನೋದು ಬರೀ ಮಂದದ ಲೆಕ್ಕ. ಡಬ್ಬದ ಮೇಲೆ ಜಿಎಲ್-4 ಅಂತಿದೆಯೋ ಜಿಎಲ್-5 ಅಂತಿದೆಯೋ (ಇದು ಆಯಿಲ್ ಎಷ್ಟು ಒತ್ತಡ, ಉಜ್ಜಾಟ ತಡೆಯುತ್ತೆ ಅನ್ನೋ ದರ್ಜೆ) ಯಾರೂ ನೋಡೋದಿಲ್ಲ! ಡಿಫರೆನ್ಷಿಯಲ್‌ನಲ್ಲಿ ಹಲ್ಲು ಹಲ್ಲಿಗೆ ಉಜ್ಜಿಕೊಂಡು ಜಾರುವುದರಿಂದ ಗಂಧಕ, ರಂಜಕ ಜಾಸ್ತಿ ಇರುವ ಜಿಎಲ್-5 ಅಲ್ಲಿಗೆ ಸರಿ. ಅದನ್ನೇ ಗೇರ್‌ಬಾಕ್ಸಿಗೆ ಹಾಕಿದರೆ ಬಿಸಿಯಲ್ಲಿ ಆ ಗಂಧಕ ಹಿತ್ತಾಳೆಯನ್ನು ತಿನ್ನಬಹುದು, ಮೇಲಾಗಿ ಜಾರಿಕೆ ಹೆಚ್ಚಾಗಿ ರಿಂಗ್ ಹಿಡಿಯೋದೂ ಇಲ್ಲ. ಎಲ್ಲ ಜಿಎಲ್-5 ಹಾಗಲ್ಲ, ಆದರೂ ನಾನಂತೂ ಹಾಕಲ್ಲ. ಗಾಡಿಯ ಜೊತೆ ಬಂದ ಪುಸ್ತಕ ತೆಗೆದು ನೋಡಿ, ಅದರಲ್ಲಿ ಹೇಳಿದ್ದನ್ನೇ ಹಾಕಿ.

ಜೋಡಿಸುವಾಗ ಲೇಶಾಫ್ಟಿನ (ಬಾಕ್ಸಿನ ಕೆಳಗಡೆ ಗೇರುಗಳ ಸಾಲು ಕೂರುವ ದಂಡ) ನೀಡಲ್ ಬೇರಿಂಗ್ ಕಡ್ಡಿಗಳನ್ನು ಗ್ರೀಸ್ ಹಚ್ಚಿ ಅಂಟಿಸಿಕೊಳ್ಳಿ, ಇಲ್ಲದಿದ್ದರೆ ಒಂದೊಂದಾಗಿ ಉದುರುತ್ತವೆ. ಸಿಂಕ್ರೊ ಹಬ್ (ಸಿಂಕ್ರೊದ ನಡುವಿನ ಗಾಲಿ) ಬಿಚ್ಚುವಾಗ ಬಟ್ಟೆ ಸುತ್ತಿ, ಒಳಗಿನ ಸ್ಪ್ರಿಂಗ್, ಗುಂಡುಗಳು ಎಲ್ಲಿಗೆ ಹಾರುತ್ತವೋ ದೇವರೇ ಬಲ್ಲ. ಇನ್ನು ಗಾಡಿ ಕೆಳಗೆ ಹೋಗುವ ಮುಂಚೆ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಬೇಡಿ.

ಮುಂದಿನ ಸಲ ಹಳೇ ಗಾಡಿಗಳ ಬಗ್ಗೆ ಬರೆಯುವಾಗ ಈ ಆಯಿಲ್ ವಿಷಯವನ್ನೂ ಹಾಕಿ ಸಾರ್.

– ಒಬ್ಬ ಓದುಗ, ಮೈಸೂರು