ವೀಕ್ಷಣಾಲಯದ ಮಕ್ಕಳಿಗೂ ಡಾಕ್ಟರ್ ಬೇಕು

ಸಂಪಾದಕರೇ,

ಕಾನೂನಿನ ಜೊತೆ ಸಂಘರ್ಷಕ್ಕೆ ಬಿದ್ದ ಮಕ್ಕಳನ್ನು ಇಡುವ ವೀಕ್ಷಣಾಲಯಗಳು ನಮಗೆ ನೆನಪಾಗುವುದು ಯಾರಾದರೂ ಗೋಡೆ ಹಾರಿ ಓಡಿಹೋದಾಗ, ಅಲ್ವಾ? ಒಳಗಿರುವವರ ಆರೋಗ್ಯ ಯಾರಿಗೆ ಬೇಕು!

2015ರ ಬಾಲನ್ಯಾಯ ಕಾಯ್ದೆ, ಅದರ 2016ರ ಮಾದರಿ ನಿಯಮಗಳಲ್ಲಿ ತಿಂಗಳ ತಪಾಸಣೆ, ಪ್ರತಿ ಮಗುವಿನ ದಾಖಲೆ, ಕರೆದರೆ ಬರುವ ವೈದ್ಯರು, ಕೌನ್ಸೆಲಿಂಗ್ ಎಲ್ಲ ಇದೆ. ಕಾಗದದ ಮೇಲಂತೂ ಚೆಂದ.

ಕಜ್ಜಿಯನ್ನೇ ತೆಗೆದುಕೊಳ್ಳಿ. ಒತ್ತೊತ್ತಾಗಿ ಮಲಗುವ ಕಡೆ ಒಬ್ಬನಿಗೆ ಬಂದರೆ ಎಲ್ಲರಿಗೂ ಹರಡುತ್ತದೆ. ತುರಿಸಿಕೊಳ್ಳುವವನಿಗೆ ಮಾತ್ರ ಮುಲಾಮು ಕೊಟ್ಟು ಸುಮ್ನೆ ಕೂತರೆ ಆಗಲ್ಲ. ಕೋಣೆಯ ಎಲ್ಲರಿಗೂ ಒಂದೇ ರಾತ್ರಿ ಕುತ್ತಿಗೆಯಿಂದ ಕಾಲ್ಬೆರಳ ಸಂದಿವರೆಗೆ ಹಚ್ಚಬೇಕು, ಬಟ್ಟೆ ಹೊದಿಕೆ ಬಿಸಿನೀರಲ್ಲಿ ಒಗೆಯಬೇಕು, ವಾರ ಬಿಟ್ಟು ಮತ್ತೆ ಹಚ್ಚಬೇಕು. ಇದಕ್ಕೆ ದೊಡ್ಡ ಆಸ್ಪತ್ರೆ ಬೇಡ, ಗಮನ ಇಡುವ ಒಬ್ಬ ನರ್ಸ್ ಸಾಕು.

ಮನಸ್ಸಿನ ವಿಷಯ ಇನ್ನೂ ಕಷ್ಟ. ಗಾಂಜಾ, ಸೊಲ್ಯೂಷನ್ (ನಶೆಗೆ ಮೂಸುವ ಅಂಟು) ಚಟವಿದ್ದ ಹುಡುಗ ಮೊದಲ ದಿನಗಳಲ್ಲಿ ನಿದ್ದೆಯಿಲ್ಲದೆ ಸಿಡಿಮಿಡಿಗುಟ್ಟುತ್ತಾನೆ. ಅದನ್ನು ಪೊಗರು ಅಂತ ಗದರಿಸಿದರೆ ಏನು ಬಂತು? ನಿಮ್ಹಾನ್ಸ್ ಇರುವುದು ಬೆಂಗಳೂರಿನಲ್ಲಿ. ದೂರದ ಜಿಲ್ಲೆಯವರಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರೇ ಗತಿ. ಅವರು ವಾರಕ್ಕೊಂದು ದಿನ ವೀಕ್ಷಣಾಲಯಕ್ಕೆ ಹೋಗಲಿ. ಈ ಮಕ್ಕಳ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಯವರು ಕಾಯ್ದೆಯ ಪ್ರಕಾರ ತಿಂಗಳಿಗೊಮ್ಮೆ ಭೇಟಿ ಕೊಡಲೇಬೇಕಲ್ಲ, ಆಗ ಮಕ್ಕಳ ಆರೋಗ್ಯ ತಪಾಸಣೆಯ ದಾಖಲೆಯನ್ನೂ ತೆರೆದು ನೋಡಲಿ.

– ಒಬ್ಬ ಓದುಗ, ಬೆಂಗಳೂರು